ನಾನು ಬರೆದ ಬಿನ್‌ವಿರೋಧ

ಮೊದಲೇ ಹೇಳಿಬಿಡುತ್ತೇನೆ, ರಾಜಕೀಯ ಎಂದರೆ ನನಗೆ ಆಗದು. ಟೀವಿಯಲ್ಲಿ ಯಾರಾದರೂ ಮೈಕಿನ ಮುಂದೆ ಬಾಯಿ ತೆರೆದರೆ ಚಾನೆಲ್ ಬದಲಿಸುವವಳು ನಾನು. ಮೂವತ್ತೊಂದು ವರ್ಷ ಡೊಂಬಿವಲಿಯಿಂದ ಠಾಣೆಗೆ ಲೋಕಲ್ ಟ್ರೇನಿನಲ್ಲಿ ನಿಂತುಕೊಂಡೇ ಹೋಗಿ ಬಂದು, ಟೆಲಿಫೋನ್ ಆಫೀಸಿನ ಕೌಂಟರಿನಲ್ಲಿ ಊರವರ ಬೈಗುಳವನ್ನೆಲ್ಲ ಕೇಳಿ, ಇನ್ನು ಸಾಕು ಎಂದು ಮನೆಯಲ್ಲಿ ಕುಳಿತಿದ್ದೆ. ಸುಮ್ಮನೆ ಇರಲಾರದೆ ಇರುವೆ ಬಿಟ್ಟುಕೊಂಡರು ಎನ್ನುತ್ತಾರಲ್ಲ, ಹಾಗೆ ಮಹಾನಗರಪಾಲಿಕೆಯ ಚುನಾವಣೆಗೆ ಕೈ ಹಾಕಿದೆ. ಒಂದು ಶಬ್ದ ತಪ್ಪು ಬರೆದೆ. ಅದರ ಫಲ ಉಂಡವಳು ಬೇರೆಯವಳು.

ಕೈ ಹಾಕಲು ಕಾರಣ ಹಿಂದಿನ ಚುನಾವಣೆ. ಆಗ ನನ್ನ ಗಂಡ ಇದ್ದರು. ಸ್ಟೇಷನ್ನಿನಿಂದ ಸ್ವಲ್ಪ ಒಳಗೆ ಅವರದೊಂದು ಸಣ್ಣ ಹೋಟೆಲು, ಹತ್ತು ಟೇಬಲ್ಲಿನದು. ಅದರ ಎದುರಿನ ಕಂಬಕ್ಕೆ ಯಾರ ಬ್ಯಾನರ್ ಕಟ್ಟುವುದು ಎಂದು ಎರಡು ಪಾರ್ಟಿಯ ಹುಡುಗರು ಹೊಡೆದಾಡಿದರು. ಒಂದು ಕಂಬಕ್ಕಾಗಿ, ಮಾರಾಯ್ರೆ! ಇವರು ಬಿಡಿಸಲು ಹೋದರು. ಬಿಡಿಸಲು ಹೋದವನಿಗೇ ಮೊದಲ ಪೆಟ್ಟು ಎಂಬುದು ಉಡುಪಿಯಲ್ಲೂ ಉಂಟು, ಇಲ್ಲಿಯೂ ಉಂಟು. ಹಣೆಗೆ ಮೂರು ಹೊಲಿಗೆ ಬಿತ್ತು, ಹಣ ಎಣಿಸುವ ಗಲ್ಲೆಯ ಗಾಜು ಒಡೆಯಿತು. "ಬಿಡು, ನಾವು ಹೊಟ್ಟೆಪಾಡಿಗೆ ಬಂದವರು" ಎಂದು ಇವರು ಪೊಲೀಸರಿಗೂ ಏನೂ ಹೇಳಲಿಲ್ಲ. ನನಗೆ ಮಾತ್ರ ಆ ಸಿಟ್ಟು ಇಳಿಯಲಿಲ್ಲ. ಅವರು ಹೋದ ಮೇಲೂ ಇಳಿಯಲಿಲ್ಲ.

ನಮ್ಮ ಬಿಲ್ಡಿಂಗಿನ ಹಿಂದೆ ಒಂದು ಗಾರ್ಡನ್ ಇದೆ. ಸಂಜೆ ಹೊತ್ತು ಅಲ್ಲಿಯ ಕಟ್ಟೆಯಲ್ಲಿ ನನ್ನಂಥ ರಿಟೈರ್ ಆದವರು ಕುಳಿತುಕೊಳ್ಳುತ್ತೇವೆ. ಮಂಡಿನೋವು, ಸಕ್ಕರೆ ಕಾಯಿಲೆ, ಸೊಸೆಯಂದಿರು, ಇದೇ ನಮ್ಮ ಪಾರ್ಲಿಮೆಂಟು. ಈ ಸಲ ಚುನಾವಣೆ ಘೋಷಣೆಯಾದಾಗ ನಮ್ಮಲ್ಲಿ ಹಿರಿಯರಾದ ಒಬ್ಬರು, ಮರಾಠಿ ಶಾಲೆಯ ಹೆಡ್‌ಮಾಸ್ತರರಾಗಿದ್ದವರು, ಒಂದು ವಿಚಾರ ತೆಗೆದರು. ಪ್ರಚಾರ ಬಿಸಿಯಾಗುವ ಮೊದಲೇ ವಾರ್ಡಿನ ಎಲ್ಲ ಅಭ್ಯರ್ಥಿಗಳನ್ನೂ ಕರೆದು, ಗಲಾಟೆ ಮಾಡುವುದಿಲ್ಲ, ಸೀರೆ ಕುಕ್ಕರು ಹಂಚುವುದಿಲ್ಲ, ಒಬ್ಬರ ಜನ ಇನ್ನೊಬ್ಬರ ಜನವನ್ನು ತಡೆಯುವುದಿಲ್ಲ, ಸೋತರೂ ಗೆದ್ದರೂ ರಸ್ತೆಯಲ್ಲಿ ಕುಣಿದು ಜಗಳ ಕಾಯುವುದಿಲ್ಲ ಎಂದು ಬರೆಸಿಕೊಳ್ಳುವುದು. ಹಾಗೆ ಬರೆದುಕೊಟ್ಟದ್ದನ್ನು ಎಲ್ಲ ಬಿಲ್ಡಿಂಗುಗಳ ನೋಟಿಸ್ ಬೋರ್ಡಿನಲ್ಲಿ ಹಾಕುವುದು. ಮಾತು ತಪ್ಪಿದರೆ ನಾಚಿಕೆಯಾದರೂ ಆಗಲಿ.

ಎಲ್ಲರೂ ತಲೆ ಆಡಿಸಿದರು. ಬರೆಯುವವರು ಯಾರು ಎಂದಾಗ ಎಲ್ಲರೂ ನನ್ನ ಕಡೆ ನೋಡಿದರು. "ಮ್ಯಾಡಮ್, ತುಮಚಂ ಅಕ್ಷರ ಕಿತೀ ಸುಂದರ" ಎಂದರು ಹೆಡ್‌ಮಾಸ್ತರರು. ಅಕ್ಷರ ಚಂದ ಎಂದು ಹೊಗಳಿದರೆ ಕೆಲಸ ತಲೆಗೆ ಬೀಳುತ್ತದೆ ಎಂಬುದು ಈ ವಯಸ್ಸಿಗಾದರೂ ನನಗೆ ಗೊತ್ತಿರಬೇಕಿತ್ತು. ಗೊತ್ತಿತ್ತು. ಆದರೂ ಉಬ್ಬಿದೆ.

ನಾನು ಏನೇ ಬರೆಯುವುದಿದ್ದರೂ ಮೊದಲು ಕನ್ನಡದಲ್ಲಿ ಬರೆದುಕೊಂಡು ಆಮೇಲೆ ಮರಾಠಿ ಮಾಡುವವಳು. ಆಫೀಸಿನಲ್ಲೂ ಹಾಗೇ ಮಾಡಿದ್ದು, ಯಾರಿಗೂ ಗೊತ್ತಾಗಿರಲಿಲ್ಲ. ಕನ್ನಡದಲ್ಲಿ ನಾನು ಬರೆದ ಮೊದಲ ವಾಕ್ಯ ಇದು: "ನಾವು ಯಾರೊಂದಿಗೂ ವಿರೋಧ ಕಟ್ಟಿಕೊಳ್ಳದೆ ಈ ಚುನಾವಣೆಯನ್ನು ಶಾಂತಿಯಿಂದ ನಡೆಸಿಕೊಡುತ್ತೇವೆ." ಮರಾಠಿಗೆ ಬಂದಾಗ ಅದು "ಹೀ ನಿವಡಣೂಕ ಬಿನ್‌ವಿರೋಧ ಆಣಿ ಶಾಂತತೇತ ಪಾರ ಪಾಡೂ" ಎಂದಾಯಿತು. ಒಲೆಯ ಮೇಲೆ ಹಾಲಿತ್ತು, ಅದು ಉಕ್ಕುವ ಮೊದಲೇ ವಾಕ್ಯ ಮುಗಿದಿತ್ತು. ಕೈ ತಾನಾಗಿ ಬರೆಯಿತು.

ಈಗ ಒಂದು ವಾರ್ಡಿಗೆ ನಾಲ್ಕು ಸೀಟು, ಒಬ್ಬ ಮತದಾರ ನಾಲ್ಕು ಸಲ ಬಟನ್ ಒತ್ತಬೇಕು. ಹಾಗಾಗಿ ನಾಲ್ಕು ಸೀಟಿಗೆ ನಾಲ್ಕು ಹಾಳೆ ಮಾಡಿದೆ. ಮೂರು ಸೀಟಿಗೆ ತಲಾ ಆರೇಳು ಜನ ನಿಂತಿದ್ದರು. ಹೆಂಗಸರಿಗೆ ಮೀಸಲಾದ ನಾಲ್ಕನೆಯ ಸೀಟಿಗೆ ಇಬ್ಬರೇ. ಒಬ್ಬಳು ಮಾಜಿ ನಗರಸೇವಕನ ಹೆಂಡತಿ. ಹಿಂದೆ ಪಾಲಿಕೆಯ ಸದಸ್ಯನಾಗಿದ್ದ ಅವನಿಗೆ ಈ ಸಲ ಸೀಟು ಮಹಿಳೆಗೆ ಹೋದದ್ದರಿಂದ ಹೆಂಡತಿಯನ್ನು ನಿಲ್ಲಿಸಿದ್ದ. ಇನ್ನೊಬ್ಬಳು ನನ್ನ ರವಿಕೆ ಹೊಲಿಯುವವಳು.

ಈ ಹೊಲಿಗೆಯವಳ ಬಗ್ಗೆ ಹೇಳಲೇಬೇಕು. ಗಾರ್ಡನ್ನಿನ ಆಚೆ ಇಳಿಜಾರಿನಲ್ಲಿ ಒಂದು ಚಾಳಿದೆ, ಸಾಲುಮನೆಗಳ ವಠಾರ, ಅಲ್ಲಿ ಅವಳ ಮನೆ. ವಿಜಯಪುರದ ಕಡೆಯವರು. ಅಪ್ಪ ಮುಂಬ್ರಾದ ಗುಡ್ಡದಲ್ಲಿ ಕಲ್ಲು ಒಡೆಯಲು ಬಂದವನು, ಇವಳು ಇಲ್ಲೇ ಹುಟ್ಟಿದವಳು. ಕನ್ನಡ ಶಾಲೆಯಲ್ಲಿ ಏಳನೆಯ ತನಕ ಓದಿದ್ದಾಳೆ. ಮರಾಠಿ ಮಾತು ಅವಳಿಗೆ ನೀರು ಕುಡಿದಷ್ಟು ಸಲೀಸು, ಓದುವುದು ಮಾತ್ರ ಅಕ್ಷರ ಕೂಡಿಸಿ ಕೂಡಿಸಿ. ಆ ಇಡೀ ಚಾಳಿಗೆ ಒಂದೇ ನಲ್ಲಿ. ಬೆಳಿಗ್ಗೆ ಆರಕ್ಕೆ ನೀರು ಬಂದು ಏಳಕ್ಕೆ ಹೋಗುತ್ತದೆ. ಎರಡನೆಯ ನಲ್ಲಿಗಾಗಿ ಈಕೆ ಚಾಳಿನ ಹೆಂಗಸರನ್ನು ಕಟ್ಟಿಕೊಂಡು ಪಾಲಿಕೆಯ ಕಲ್ಯಾಣದ ಆಫೀಸಿಗೂ ಇಲ್ಲಿಯ ಆಫೀಸಿಗೂ ಅಲೆದು ಅಲೆದು ಚಪ್ಪಲಿ ಸವೆಸಿದ್ದಳು. ಕೊನೆಗೆ ಆ ಹೆಂಗಸರೇ, ನೀನೇ ನಿಲ್ಲು, ನಿಂತರೆ ಕೇಳುತ್ತಾರೆ ಎಂದು ಅವಳನ್ನು ನಿಲ್ಲಿಸಿದರು.

"ಗೆಲ್ಲೂದು ಬಿಡ್ರಿ ಅಕ್ಕಾರ" ಎಂದಿದ್ದಳು ನನ್ನ ತೋಳಿನ ಅಳತೆ ತೆಗೆಯುತ್ತ. "ಮಿಶಿನ್ ಮ್ಯಾಲ ನನ್ನ ಹೆಸರು ಬರಬೇಕು. ನಮ್ಮ ಚಾಳಿನ ಓಟು ಒಂದ್ ಕಡೆ ಬಿದ್ರ, ಗೆದ್ದಾಂವ ಎಣಿಸಿ ನೋಡ್ತಾನಲ್ಲ, ಆಗ ನಳ ಕೊಡ್ತಾನ. ಚಿಹ್ನಾ ಹೊಲಿಗಿ ಮಿಶಿನ್ ಕೇಳೀನಿ. ಸಿಕ್ರ ಭಾಳ ಚಲೋ ಆಕೈತಿ." ಎಷ್ಟು ಸರಿಯಾದ ಲೆಕ್ಕಾಚಾರ ಎಂದು ನನಗೆ ಆಶ್ಚರ್ಯವಾಗಿತ್ತು. ಟೀವಿಯಲ್ಲಿ ಅರಚುವವರು ಯಾರೂ ಚುನಾವಣೆಯನ್ನು ನನಗೆ ಇಷ್ಟು ಚೆನ್ನಾಗಿ ವಿವರಿಸಿರಲಿಲ್ಲ.

ಸಹಿ ಹಾಕಿಸಿದ್ದು ಒಂದು ಭಾನುವಾರದ ಸಂಜೆ, ಗಾರ್ಡನ್ನಿನ ಶೆಡ್ಡಿನಲ್ಲಿ. ನಾಮಪತ್ರ ವಾಪಸ್ ಪಡೆಯಲು ಇನ್ನೂ ನಾಲ್ಕು ದಿನ ಇತ್ತು. ಅಭ್ಯರ್ಥಿಗಳು ಬರುತ್ತಾರೋ ಇಲ್ಲವೋ ಎಂದು ನಮಗೇ ಸಂಶಯ. ಆದರೆ ಎಲ್ಲರೂ ಬಂದರು, ಫೋಟೋ ಉಂಟು ಎಂದ ಮೇಲೆ ಯಾರು ಬರುವುದಿಲ್ಲ? ನಾನು ಹಾಳೆಯನ್ನು ಗಟ್ಟಿಯಾಗಿ ಓದಿದೆ. ಶಾಂತತೇತ ಎಂಬಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು.

ಮಾಜಿ ನಗರಸೇವಕ ಹಾಳೆಯನ್ನು ಕೈಗೆ ತೆಗೆದುಕೊಂಡು ಮೊದಲ ವಾಕ್ಯವನ್ನು ಎರಡು ಸಲ ಓದಿದ. ಆಮೇಲೆ ನನ್ನನ್ನು ನೋಡಿ ನಕ್ಕ. "ಮ್ಯಾಡಮ್, ಏಕದಮ್ ಯೋಗ್ಯ ಲಿಹಿಲಂಯ್" ಎಂದ. ಸರಿಯಾಗಿ ಬರೆದಿದ್ದೀರಿ ಎಂದರೆ ಯಾರಿಗೆ ಖುಷಿಯಾಗದು? ಆ ನಗುವನ್ನು ನಾನು ಸಜ್ಜನಿಕೆ ಎಂದುಕೊಂಡೆ. ಹೆಂಡತಿಗೆ ಪೆನ್ನು ಕೊಟ್ಟು ಎಲ್ಲಿ ಸಹಿ ಹಾಕಬೇಕೆಂದು ಅವನೇ ಬೆರಳಿಟ್ಟು ತೋರಿಸಿದ. ಆಕೆ ಹಾಕಿದಳು.

ಹೊಲಿಗೆಯವಳು ತಡವಾಗಿ ಓಡಿಕೊಂಡು ಬಂದಳು. ಕುತ್ತಿಗೆಯಲ್ಲಿ ಟೇಪು ಹಾಗೇ ಇತ್ತು. "ಏನಂತ ಬರ್ದೀರಿ ಅಕ್ಕಾರ?" ಎಂದು ಕೇಳಿದಳು. ಗಲಾಟೆ ಇಲ್ಲ, ದ್ವೇಷ ಇಲ್ಲ, ಸೀರೆ ಹಂಚುವುದಿಲ್ಲ, ಶಾಂತಿಯಿಂದ ನಿಲ್ಲುತ್ತೇವೆ ಎಂದು ಬರೆದದ್ದು, ನೋಡು ಎಂದೆ.

"ಸೀರಿ ಹಂಚಾಕ ನನ್ನ ಕಡೆ ಎಲ್ಲೈತ್ರಿ? ನಾ ಬರೇ ಜಂಪರ್ ಹೊಲಿಯಾಕಿ" ಎಂದು ನಕ್ಕಳು. ಹಾಳೆಯನ್ನು ಕಣ್ಣ ಹತ್ತಿರ ಹಿಡಿದು ಒಂದೆರಡು ಅಕ್ಷರ ಕೂಡಿಸಿದಳು, ಆಮೇಲೆ ನನ್ನ ಮುಖ ನೋಡಿದಳು. "ನೀವು ಬರ್ದೀರಿ ಅಂದ್ರ ನಾ ಏನ್ ಓದೂದ್ರಿ" ಎಂದು ಕನ್ನಡದಲ್ಲಿ ಸಹಿ ಹಾಕಿದಳು. ಆ ಮರಾಠಿ ಹಾಳೆಯಲ್ಲಿ ಕನ್ನಡದ ಸಹಿ ಅದೊಂದೇ.

ಮಂಗಳವಾರ ಬೆಳಿಗ್ಗೆ ನನ್ನ ಮಗಳ ಫೋನ್ ಬಂತು. ಅವಳು ಘಣಸೋಲಿಯಲ್ಲಿ ಇರುವುದು. ನಾನು ಕನ್ನಡದಲ್ಲಿ ಕೇಳಿದರೆ ಅವಳು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ, ನಮ್ಮ ಸಂಸಾರ ನಡೆದು ಬಂದದ್ದೇ ಹಾಗೆ. "ಅಮ್ಮಾ, ಯೇ ತುಮ್ಹಾರಾ ಹ್ಯಾಂಡ್‌ರೈಟಿಂಗ್ ಹೈ ನಾ?" ಎಂದಳು. ಏನು, ಎಲ್ಲಿ, ಎಂದೆ. ಯಾರೋ ಗೆಳತಿ ವಾಟ್ಸಾಪಿನಲ್ಲಿ ಕಳಿಸಿದ್ದನ್ನು ನನಗೆ ಕಳಿಸಿದಳು. ನಾಲ್ಕನೆಯ ಸೀಟಿನ ನನ್ನ ಹಾಳೆ. ಬಿನ್‌ವಿರೋಧ ಎಂಬ ಶಬ್ದದ ಕೆಳಗೆ ಕೆಂಪು ಗೆರೆ. ಅದರ ಮೇಲೆ ಮಾಜಿ ನಗರಸೇವಕನ ಹೆಂಡತಿಯ ಫೋಟೋ ಇಟ್ಟು ದೊಡ್ಡದಾಗಿ, ನಮ್ಮ ಅಕ್ಕ ಅವಿರೋಧ ನಗರಸೇವಕಿ, ಎದುರಾಳಿಯ ಒಪ್ಪಿಗೆ ಸಹಿ ಸಹಿತ, ಎಂದು ಮರಾಠಿಯಲ್ಲಿ ಹಾಕಿದ್ದರು. ಕೆಳಗಿಳಿದು ನೋಡಿದರೆ ಗಾರ್ಡನ್ನಿನ ಗೇಟಿಗೂ ಅದೇ, ಚಾಳಿನ ಗೋಡೆಗೂ ಅದೇ.

ಅಯ್ಯೋ ದೇವರೇ! ಆಗ ಆ ಶಬ್ದ ನನ್ನ ಕಣ್ಣಿಗೆ ಬಿತ್ತು. ಬಿನ್‌ವಿರೋಧ ಎಂದರೆ ಮರಾಠಿಯಲ್ಲಿ ವೈರವಿಲ್ಲದೆ ಎಂದಲ್ಲ. ಎದುರಾಳಿಯೇ ಇಲ್ಲದೆ, ಓಟೇ ಆಗದೆ ಆಯ್ಕೆಯಾಗುವುದು. ನಾನು ಅಭ್ಯರ್ಥಿಗಳ ಕೈಯಲ್ಲಿ ಬರೆಸಿಕೊಂಡದ್ದು ನ್ಯಾಯವಾಗಿ ಸ್ಪರ್ಧಿಸುತ್ತೇವೆ ಎಂದಲ್ಲ, ಸ್ಪರ್ಧೆಯೇ ಬೇಡ ಎಂದು.

ಆ ಶಬ್ದ ನನಗೆ ಗೊತ್ತಿರಲಿಲ್ಲ ಎಂದರೆ ನಾಲಿಗೆಗೆ ಹುಳ ಬಿದ್ದೀತು. ಚೆನ್ನಾಗಿ ಗೊತ್ತಿತ್ತು. ನಮ್ಮ ಹೌಸಿಂಗ್ ಸೊಸೈಟಿಯ ಕಮಿಟಿ ಪ್ರತಿಸಲವೂ ಬಿನ್‌ವಿರೋಧ. ಇಲ್ಲಿಯ ನಮ್ಮ ಕನ್ನಡ ಸಂಘದಲ್ಲಿ ನಾನು ಹದಿನೆಂಟು ವರ್ಷ ಕಾರ್ಯದರ್ಶಿಯಾಗಿದ್ದೆ, ಅಲ್ಲಿಯೂ ಅಷ್ಟೇ. ಅಧ್ಯಕ್ಷ ಸ್ಥಾನಕ್ಕೆ ಇನ್ನೊಬ್ಬರ ಹೆಸರು ಬಂತು ಎಂದರೆ ಹಿರಿಯರು ಒಳಗೆ ಕರೆದು, ಕಾಫಿ ಕುಡಿಸಿ, ಮುಂದಿನ ಸಲ ನಿಮಗೇ ಎಂದು ಸಮಾಧಾನ ಮಾಡಿ ಕಳಿಸುತ್ತಿದ್ದರು. ಎಲೆಕ್ಷನ್ ಆಯಿತೆಂದರೆ ನಮ್ಮಲ್ಲಿ ಮರ್ಯಾದೆ ಹೋದ ಹಾಗೆ. "ಸರ್ವಾನುಮತದಿಂದ, ಅವಿರೋಧವಾಗಿ, ಶಾಂತ ವಾತಾವರಣದಲ್ಲಿ ಆಯ್ಕೆಯಾದರು" ಎಂದು ಹದಿನೆಂಟು ವರದಿಗಳಲ್ಲಿ ಹೆಮ್ಮೆಯಿಂದ ಬರೆದ ಕೈ ಇದು. ಅವಿರೋಧ ಎಂದ ಮೇಲೆ ಶಾಂತಿ, ಶಾಂತಿ ಎಂದ ಮೇಲೆ ಅವಿರೋಧ, ಹಾಗೇ ಅಂಟಿಕೊಂಡು ಬಂದಿತ್ತು. ಕಾಫಿ ಕುಡಿದು ಸುಮ್ಮನೆ ಮನೆಗೆ ಹೋದವರು ಏನಂದುಕೊಂಡರೋ, ಒಂದು ದಿನವೂ ನಾನು ಕೇಳಿದವಳಲ್ಲ.

ಹೆಡ್‌ಮಾಸ್ತರರಲ್ಲಿಗೆ ಓಡಿದೆ. ನೀವು ಮರಾಠಿ ಕಲಿಸಿದವರು, ಓದಿ ಕೇಳಿಸಿದಾಗ ಒಂದು ಮಾತು ಹೇಳಬಾರದಿತ್ತೇ ಎಂದು ಕೂಗಿಯೇ ಕೇಳಿದೆ. ಪಾಪ, ಅವರು ಕನ್ನಡಕ ತೆಗೆದು ಒರೆಸಿದರು. "ಮಲಾ ವಾಟ್ಲಂ, ತುಮ್ಹಾ ಕಾನಡೀ ಲೋಕಾಂಚಂ ಕಾಹೀತರೀ ಠರಲಂ ಅಸೇಲ" ಎಂದರು. ನೀವು ಕನ್ನಡದವರು ನಿಮ್ಮೊಳಗೆ ಏನೋ ಮಾತಾಡಿಕೊಂಡು ತೀರ್ಮಾನ ಮಾಡಿರಬೇಕು ಎಂದುಕೊಂಡರಂತೆ. ಹೊಲಿಗೆಯವಳೂ ಕನ್ನಡದವಳು, ನಾನೂ ಕನ್ನಡದವಳು, ಆಕೆ ನನ್ನ ಮಾತು ಕೇಳಿ ಸರಿದು ನಿಂತಳು ಎಂದು ಅವರ ಲೆಕ್ಕ. ವಿನಾಯಕನನ್ನು ಮಾಡಲು ಹೋಗಿ ವಾನರನನ್ನು ಮಾಡಿದೆ, ಅದನ್ನು ಮೆರವಣಿಗೆ ಮಾಡಿದವರು ಇವರೆಲ್ಲ.

ಸಂಜೆ ಹೊಲಿಗೆಯವಳು ಮನೆಗೆ ಬಂದಳು. ಒಳಗೆ ಬಾ ಎಂದೆ, ಬರಲಿಲ್ಲ. ಬಾಗಿಲಲ್ಲೇ ನಿಂತು ಆ ಕಾಗದ ಚಾಚಿದಳು.

"ಇದರಾಗ ಏನೈತಿ ಅಕ್ಕಾರ? ಈಗ ಓದಿ ಹೇಳ್ರಿ."

ಹೇಳಿದೆ. ನನ್ನ ತಪ್ಪು, ಬೇಕೆಂದು ಬರೆದದ್ದಲ್ಲ, ನಾನೇ ಎಲ್ಲರಿಗೂ ತಿಳಿಸುತ್ತೇನೆ, ನಿನ್ನ ಅರ್ಜಿ ಇದ್ದ ಹಾಗೇ ಇದೆ, ನೀನು ಹೆದರಬೇಡ ಎಂದೆ.

"ನಾ ಹೆದರಂಗಿಲ್ರಿ. ಮುಂಜಾನೆ ಅವರ ಮಂದಿ ನಾಕು ಜನ ಬಂದು ಹೇಳಿ ಹೋದ್ರು, ಸಹಿ ಮಾಡೀದಿ, ಮಾತಿನಂಗ ನಡಕೋ ಅಂತ. ಅವರಿಗೆ ನಾ ಬೈದು ಕಳಿಸೀನಿ. ಆದ್ರ ನಮ್ಮ ಹೆಣ್ಮಕ್ಕಳು ನನ್ನ ಮಾರಿ ನೋಡವಲ್ರು. ಸೆಟಿಂಗ್ ಝಾಲೀ ಅನ್ನಾಕತ್ತಾರ. ನಮ್ಮನ್ನ ಲೈನಿನ್ಯಾಗ ನಿಲ್ಲಿಸಿ ತಾನು ಮಾರಿಕೊಂಡ್ಲು ಅಂತ."

ಸೆಟಿಂಗ್ ಎಂದರೆ ಒಳಗಿಂದೊಳಗೆ ಕೊಟ್ಟು ತೆಗೆದುಕೊಂಡು ಮುಗಿಸುವುದು. ಈ ಊರಿನಲ್ಲಿ ಒಬ್ಬರ ಹೆಸರಿಗೆ ಅದು ಅಂಟಿತೆಂದರೆ ತಿಕ್ಕಿದರೂ ಹೋಗದು. ನಾನು ಈಗಲೇ ಚಾಳಿಗೆ ಬರುತ್ತೇನೆ, ಎಲ್ಲರೆದುರು ನನ್ನದೇ ತಪ್ಪು ಎನ್ನುತ್ತೇನೆ ಎಂದೆ.

ಆಕೆ ತಲೆ ಅಲ್ಲಾಡಿಸಿದಳು. "ಓದಿದವ್ರು ತಪ್ಪು ಬರೀತಾರಂತ ಯಾರು ನಂಬತಾರ್ರಿ? ತಪ್ಪು ಮಾಡೂದು ನಮ್ಮಂಥಾವ್ರು."

ಅಷ್ಟು ಹೇಳಿ ಮೆಟ್ಟಿಲಿಳಿದಳು. ಆಗಲೇ ಅವಳ ಹಿಂದೆ ಇಳಿದು ಹೋಗಬೇಕಿತ್ತು. ಹೋಗಲಿಲ್ಲ. ಕಾಗದದಿಂದ ಆದದ್ದನ್ನು ಕಾಗದದಿಂದಲೇ ಸರಿ ಮಾಡುತ್ತೇನೆ ಎಂಬ ಜಂಬ ಇತ್ತಲ್ಲ, ಕಾರ್ಯದರ್ಶಿಯ ಜಂಬ.

ಬುಧವಾರ ಮಾಜಿ ನಗರಸೇವಕನ ಆಫೀಸಿಗೆ ಹೋದೆ. ಎರಡು ತಾಸು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಆಮೇಲೆ ಒಳಗೆ ಕರೆದ. ಬಹಳ ಮರ್ಯಾದೆ. ಚಹಾ ತರಿಸಿದ. ಅದು ನನ್ನ ತಪ್ಪು, ಆ ಕಾಗದಗಳನ್ನು ಗೋಡೆಯಿಂದ ತೆಗೆಸಿ, ಆಕೆಯನ್ನು ನಿಲ್ಲಲು ಬಿಡಿ, ನ್ಯಾಯವಾಗಿ ಗೆಲ್ಲಿ ಎಂದೆ. "ಮ್ಯಾಡಮ್, ತುಮ್ಹೀಚ್ ಲಿಹಿಲಂತ ನಾ?" ಎಂದ. ನೀವೇ ಬರೆದದ್ದು, ನಾವು ಸಹಿ ಮಾತ್ರ ಹಾಕಿದ್ದು. ಈಗ ನೀವೇ ಮಾತು ಬದಲಿಸಿದರೆ ಹಿರಿಯರ ಮಾತಿಗೆ ಬೆಲೆ ಎಲ್ಲಿ ಉಳಿಯಿತು, ಎಂದು ನನಗೇ ಬುದ್ಧಿ ಹೇಳಿದ. ಅವನಿಗೆ ಎರಡು ಬಾರಿಸಬೇಕು ಎನ್ನುವಷ್ಟು ಸಿಟ್ಟು ಬಂತು. ಕುರ್ಚಿಯಿಂದ ಏಳುವಾಗ ಮಂಡಿ ಹಿಡಿಯಿತು, ಅವನೇ ಕೈ ಕೊಟ್ಟು ಎಬ್ಬಿಸಿದ. ಅದಕ್ಕಿಂತ ಅವಮಾನ ಇಲ್ಲ.

ಗುರುವಾರ ಮೂರು ಗಂಟೆಗೆ ಗಡುವು. ಬೆಳಿಗ್ಗೆ ಎದ್ದವಳೇ ಮಾಜಿವಾಡಾಕ್ಕೆ ಹೊರಟೆ, ಅಲ್ಲಿ ನಮ್ಮ ಕಡೆಯ ಒಬ್ಬ ವಕೀಲರಿದ್ದಾರೆ. ಠಾಣೆಯಲ್ಲಿ ಇಳಿದು ರಿಕ್ಷಾ ಹಿಡಿದು ಆ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ಬೆಂದೆ. ವಕೀಲರು ಕೋರ್ಟಿನಿಂದ ಬರುವಾಗ ಮಧ್ಯಾಹ್ನವಾಗಿತ್ತು. ಹಾಳೆ ನೋಡಿ ನಕ್ಕುಬಿಟ್ಟರು. "ಈ ಕಾಗದದಲ್ಲಿ ಗೋಳಿಬಜೆ ಕಟ್ಟಬಹುದು ಅಷ್ಟೇ ಅಕ್ಕ. ಕಾನೂನಿನಲ್ಲಿ ಇದಕ್ಕೆ ಎಂಥ ಬೆಲೆಯೂ ಇಲ್ಲ. ಆಕೆ ತಾನಾಗಿ ಅರ್ಜಿ ವಾಪಸ್ ತೆಗೆದರೆ ಮಾತ್ರ ಹೋಯಿತು. ಇಲ್ಲದಿದ್ದರೆ ಯಾರಪ್ಪನಿಂದಲೂ ತೆಗೆಯಲಿಕ್ಕೆ ಆಗುವುದಿಲ್ಲ" ಎಂದು ಅದನ್ನೇ ತಮ್ಮ ಲೆಟರ್‌ಹೆಡ್ಡಿನಲ್ಲಿ ಬರೆದು ಕೊಟ್ಟರು. ನನಗೆ ಹೋದ ಜೀವ ಬಂದ ಹಾಗಾಯಿತು.

ಹಿಂದಿರುಗುವ ಲೋಕಲ್ ಮುಂಬ್ರಾ ದಾಟುವಾಗ ಆಕೆಯ ಫೋನ್ ಬಂತು. ನಾನೇ ಮೊದಲು ಮಾತಾಡಿದೆ, ಕಾಗದ ಸಿಕ್ಕಿತು, ಏನೂ ತೊಂದರೆಯಿಲ್ಲ, ಬರುತ್ತಿದ್ದೇನೆ ಎಂದು ಒಂದೇ ಉಸಿರಿಗೆ ಹೇಳಿದೆ.

"ಮುಗೀತ್ರಿ ಅಕ್ಕಾರ. ಅರ್ಜಿ ಹಿಂದಕ್ಕ ತಗೊಂಡು ಸಹಿ ಮಾಡಿ ಬಂದೆ. ನಿಮಗ ಸುಮ್ಮನ ತ್ರಾಸ ಆತು."

ಗಂಟೆ ಎರಡೂ ಕಾಲು. ಮುಕ್ಕಾಲು ಗಂಟೆ ಉಳಿದಿತ್ತು. ಯಾಕೆ, ಯಾಕೆ ಎಂದು ನಾನು ಕೂಗಿದ್ದಕ್ಕೆ ಲೇಡೀಸ್ ಡಬ್ಬಿಯಲ್ಲಿ ಎಲ್ಲರೂ ತಿರುಗಿ ನೋಡಿದರು. ಬೆಳಿಗ್ಗೆ ಚಾಳಿನ ಹೆಂಗಸರು ನಲ್ಲಿಯ ಹತ್ತಿರ ಅವಳ ಹಂಡೆಯನ್ನು ಲೈನಿನಿಂದ ಹೊರಗೆ ಇಟ್ಟಿದ್ದರಂತೆ. ಯಾರೂ ಏನೂ ಅನ್ನಲಿಲ್ಲವಂತೆ, ಇಟ್ಟರಂತೆ ಅಷ್ಟೇ. ಯಾರಿಗಾಗಿ ನಿಂತೆನೋ ಅವರೇ ಓಟು ಹಾಕುವುದಿಲ್ಲ ಎಂದ ಮೇಲೆ ಮಿಶಿನ್ ಮೇಲೆ ಹೆಸರಿದ್ದು ಏನು ಮಾಡುವುದು ಎಂದು ಆಕೆ ಕೇಳಿದಳು. ಡೊಂಬಿವಲಿ ಬಂದರೂ ನನಗೆ ಏಳಲು ಮನಸ್ಸಾಗಲಿಲ್ಲ, ಗಾಡಿ ಕಲ್ಯಾಣಕ್ಕೆ ಹೋಯಿತು. ಅಲ್ಲಿಂದ ತಿರುಗಿ ಬಂದೆ.

ಮರುದಿನ ಮಾಜಿ ನಗರಸೇವಕ ಶಾಲು, ತೆಂಗಿನಕಾಯಿ ಹಿಡಿದು, ಫೋಟೋದವನನ್ನು ಕರೆದುಕೊಂಡು ನಮ್ಮ ಮನೆಗೆ ಬಂದ. ಶಾಂತಿಯುತ ಚುನಾವಣೆಗೆ ನಾನು ಮಾಡಿದ ಸಹಾಯಕ್ಕಾಗಿ ಸತ್ಕಾರವಂತೆ. ಸತ್ಕಾರ! ಬಾಗಿಲಲ್ಲೇ ಕೈ ಎತ್ತಿ ಬೈದೆ. ಮರಾಠಿ, ಹಿಂದಿ, ಕೊನೆಗೆ ತುಳುವಿನಲ್ಲಿಯೂ ಬೈದೆ, ಅದೊಂದರಲ್ಲಿ ಬೈದರೆ ಮಾತ್ರ ನನಗೆ ಸಮಾಧಾನ. ಅವನು ಕೈ ಮುಗಿದು ನಗುತ್ತಾ ಶಾಲನ್ನು ಹೊಸಿಲ ಮೇಲಿಟ್ಟು ಹೋದ. ಸಂಜೆ ಆ ಫೋಟೋ ಎಲ್ಲರ ಮೊಬೈಲಿನಲ್ಲಿ. ನಾನು ಕೈ ಎತ್ತಿ ಬೈಯುತ್ತಿರುವುದು, ಅವನು ತಲೆ ಬಗ್ಗಿಸಿ ನಿಂತಿರುವುದು. ನೋಡಿದವರಿಗೆ ಆಶೀರ್ವಾದ ಮಾಡುತ್ತಿದ್ದೇನೆ ಎಂದೇ ಕಾಣುತ್ತದೆ. "ಛೋಡ್ ನಾ ಅಮ್ಮಾ, ಸಬ್ ಭೂಲ್ ಜಾಯೇಂಗೇ" ಎಂದಳು ಮಗಳು. ಎಲ್ಲರೂ ಮರೆಯುತ್ತಾರೆ ನಿಜ, ಆದರೆ ನಾನು ಮರೆಯಬೇಕಲ್ಲ.

ನಾನು ಹೊಲಿಗೆಯವಳ ಮನೆಗೆ ಹೋಗಲಿಲ್ಲ. ಮುಖ ತೋರಿಸಲು ನಾಚಿಕೆ. ಓಟಿನ ದಿನ ಶಾಲೆಗೆ ಹೋಗಿ ಮೂರು ಬಟನ್ ಒತ್ತಿದೆ. ನಾಲ್ಕನೆಯದು ಎಲ್ಲಿ ಎಂದು ಗೊತ್ತಿದ್ದೂ ಕೇಳಿದೆ. "ತೀ ಬಿನ್‌ವಿರೋಧ ಝಾಲೀ, ಆಜೀ" ಎಂದಳು ಅಲ್ಲಿ ಕುಳಿತಿದ್ದ ಹುಡುಗಿ. ಗಲಾಟೆ ಇರಲಿಲ್ಲ, ಕಂಬಕ್ಕಾಗಿ ಹೊಡೆದಾಟ ಇರಲಿಲ್ಲ, ಪೊಲೀಸರು ನೆರಳಿನಲ್ಲಿ ಕುಳಿತು ಕಡಲೆ ತಿನ್ನುತ್ತಿದ್ದರು. ನಾನು ಕೇಳಿದ್ದ ಶಾಂತಿ ಇದೇ. ಅಷ್ಟು ಸುಸ್ತು ನನಗೆ ಜೀವಮಾನದಲ್ಲಿ ಆಗಿರಲಿಲ್ಲ. ಮೆಟ್ಟಿಲ ಮೇಲೆ ಕುಳಿತೇಬಿಟ್ಟೆ, ಯಾರೋ ನೀರು ತಂದುಕೊಟ್ಟರು.

ಮಾರನೆಯ ಬೆಳಿಗ್ಗೆ ಆರಕ್ಕೆ ಇಳಿಜಾರು ಇಳಿದು ಚಾಳಿನ ನಲ್ಲಿಯ ಹತ್ತಿರ ಹೋದೆ. ಹತ್ತು ಹದಿನೈದು ಹೆಂಗಸರು ಲೈನಿನಲ್ಲಿ ಇದ್ದರು. ಹೊಲಿಗೆಯವಳು ಎಲ್ಲರಿಗಿಂತ ಹಿಂದೆ, ತನ್ನ ಹಂಡೆಯ ಪಕ್ಕ. ನಾನು ಅವಳನ್ನು ನೋಡದೆ, ನೋಡಿದರೆ ಮಾತು ನಿಂತೀತೆಂದು, ಗಟ್ಟಿಯಾಗಿ ಮರಾಠಿಯಲ್ಲಿ ಹೇಳಿದೆ. ಆ ಕಾಗದ ಬರೆದವಳು ನಾನು. ಒಂದು ಶಬ್ದ ತಪ್ಪಾಯಿತು. ಇವಳಿಗೆ ನಾನು ಬೇರೆಯೇ ಅರ್ಥ ಹೇಳಿ ಸಹಿ ಹಾಕಿಸಿದೆ. ಇವಳು ಯಾರಿಂದಲೂ ಏನೂ ತೆಗೆದುಕೊಂಡಿಲ್ಲ, ಯಾವ ಸೆಟಿಂಗೂ ಆಗಿಲ್ಲ. ಬೈಯುವುದಾದರೆ ನನ್ನನ್ನು ಬೈಯಿರಿ.

ಯಾರೂ ಬೈಯಲಿಲ್ಲ. ಮುಂದೆ ನಿಂತಿದ್ದ ವಯಸ್ಸಾದವಳೊಬ್ಬಳು ಕೊಡವನ್ನು ಸೊಂಟಕ್ಕೆ ಏರಿಸಿಕೊಂಡು, ಜಗಳದ ದನಿಯಲ್ಲಲ್ಲ, ಸುಮ್ಮನೆ ತಿಳಿದುಕೊಳ್ಳಲು ಕೇಳಿದ ಹಾಗೆ ಕೇಳಿದಳು: "ಮಗ ತಿನೆ ಅರ್ಜ ಮಾಗೆ ಕಾ ಘೇತಲಾ?" ಹಾಗಾದರೆ ಆಕೆ ಅರ್ಜಿ ವಾಪಸ್ ಯಾಕೆ ತೆಗೆದುಕೊಂಡಳು?

ನಾನು ಹೇಳಲು ಬಾಯಿ ತೆರೆದೆ. ಹಿಂದಿನಿಂದ ಹೊಲಿಗೆಯವಳ ದನಿ ಬಂತು.

"ಅಕ್ಕಾರ, ಸಾಕು ಮಾಡ್ರಿ. ನೀವು ಬರದದ್ದೂ ಸಾಕು, ಹೇಳಿದ್ದೂ ಸಾಕು. ನನ್ನ ಮಾತು ನಾ ಆಡ್ತೀನಿ."

ಆಮೇಲೆ ಆ ಹೆಂಗಸರ ಕಡೆ ತಿರುಗಿ ಮರಾಠಿಯಲ್ಲಿ ಹೇಳಿದಳು. "ತುಮ್ಹೀ ಮಾಝ್ಯಾಕಡೆ ಬಘಾಯಚಂ ಬಂದ್ ಕೇಲಂತ, ಮ್ಹಣೂನ್." ನೀವು ನನ್ನ ಮುಖ ನೋಡುವುದನ್ನು ನಿಲ್ಲಿಸಿದಿರಿ, ಅದಕ್ಕೆ.

ಒಬ್ಬಳು ಸೆರಗು ಸರಿ ಮಾಡಿಕೊಂಡಳು. ವಯಸ್ಸಾದವಳು ಕೊಡ ಹೊತ್ತು ಹೊರಟಳು. ನಡುವಿನಿಂದ ಯಾರೋ, ಏಳಕ್ಕೆ ನೀರು ಹೋಗುತ್ತದೆ, ಲೈನ್ ಪುಢೆ ಘ್ಯಾ ಎಂದರು. ಲೈನು ಒಂದು ಹೆಜ್ಜೆ ಮುಂದೆ ಸರಿಯಿತು. ಆಕೆಯ ಸರದಿ ಬರುವ ತನಕ ನಾನು ಅಲ್ಲೇ ನಿಂತಿದ್ದೆ. ಹಂಡೆ ಅರ್ಧ ತುಂಬುವಾಗ ನೀರು ಹೋಯಿತು. ಅಷ್ಟು ಹೊತ್ತೂ ಅವರಲ್ಲಿ ಯಾರೂ ಆಕೆಯ ಜೊತೆ ಮಾತಾಡಲಿಲ್ಲ, ಆಕೆ ನನ್ನ ಜೊತೆ ಮಾತಾಡಲಿಲ್ಲ.